ಕ್ಯಾಮೆರಾ ಹಿಡಿದಿದ್ದ ಮಾರ್ಕೂಸಿ

ತನುಶ್ರೀ ಮಾರ್ಕೂಸಿಯನ್ನು ಒಂದು ಸಲವೂ ಕಂಡವಳಲ್ಲ. ಆದರೆ ಮೂರು ವರ್ಷದಿಂದ ಅವನು ಉಸಿರಾಡುವುದನ್ನು ಕೇಳುತ್ತಾ ಬಂದಿದ್ದಳು. ಟೊರಾಂಟೊ ಪಕ್ಕದ ಯೂನಿಯನ್‌ವಿಲ್‌ನ ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮೊದಲು ಗಾಳಿ, ಆಮೇಲೆ ಹಿಮದ ಮೇಲೆ ಬೂಟಿನ ಕಿರುಗುಟ್ಟುವ ಸದ್ದು, ಅದರ ಜೊತೆಗೆ ಕಿವಿಯ ಪಕ್ಕದಲ್ಲೇ ಇದ್ದಂತೆ ಒಬ್ಬ ಗಂಡಸಿನ ಉಸಿರು. ಕ್ಯಾಮೆರಾ ಅವನ ಕೈಯಲ್ಲಿರುತ್ತಿತ್ತು. ಆ ಉಸಿರನ್ನು ಸೌಂಡಿನಿಂದ ತೆಗೆದುಹಾಕುವುದು ಎಡಿಟರಾಗಿ ಅವಳ ಕೆಲಸಗಳಲ್ಲಿ ಒಂದಾಗಿತ್ತು.

ಸಿನಿಮಾ ಮಾಡುತ್ತಿದ್ದವಳು ಮಾರ್ಕೂಸಿಯ ಅಕ್ಕ ಲೀಟಿಯಾ. ಕೆನಡಾದ ಉತ್ತರ ತುದಿಯ ಬ್ಯಾಫಿನ್ ದ್ವೀಪದ ಕಡಲಂಚಿನಲ್ಲಿ ಇನ್ಯುಯಿಟ್ ಜನರ ಒಂದು ಸಣ್ಣ ಊರಿನವಳು. ಟೊರಾಂಟೊಗೆ ಸಿನಿಮಾ ಓದಲು ಬಂದವಳು, ಡೌನ್‌ಟೌನಿನ ಒಂದು ಎಡಿಟಿಂಗ್ ಕಂಪನಿಯಲ್ಲಿ ತನುಶ್ರೀಗೆ ಸಿಕ್ಕಿದ್ದಳು. ತನುಶ್ರೀ ಆಗ ಅಲ್ಲಿ ಅಸಿಸ್ಟೆಂಟು. ಬೆಂಗಳೂರಿನ ಟೀವಿ ಚಾನೆಲ್ಲೊಂದರಲ್ಲಿ ಆರು ವರ್ಷ ಎಡಿಟಿಂಗ್ ಮಾಡಿದ್ದರೂ ಇಲ್ಲಿ ಮತ್ತೆ ಮೊದಲಿಂದ ಶುರುಮಾಡಿದ್ದಳು. ಒಂದು ದಿನ ಲೀಟಿಯಾಳ ಇಂಟರ್ವ್ಯೂ ಒಂದನ್ನು ಕತ್ತರಿಸುವ ಕೆಲಸ ಅವಳಿಗೆ ಬಂತು. ಮಾತೆಲ್ಲ ಅವಳ ಜನರ ಇನುಕ್ಟಿಟುಟ್ ಭಾಷೆಯಲ್ಲಿ. ಒಂದಕ್ಷರ ಅರ್ಥವಾಗದಿದ್ದರೂ ತನುಶ್ರೀ ಎಲ್ಲೂ ವಾಕ್ಯದ ಮಧ್ಯೆ ಕತ್ತರಿಸಿರಲಿಲ್ಲ.

"ಹೇಗೆ ಗೊತ್ತಾಯ್ತು ನಿನಗೆ?" ಎಂದು ಲೀಟಿಯಾ ಬೆರಗಿನಿಂದ ಕೇಳಿದ್ದಳು.

"ನಮ್ಮ ಭಾಷೇಲೂ ಒಂದರ ಹಿಂದೆ ಒಂದು ಅಂಟಿಕೊಂಡು ಪದ ಉದ್ದವಾಗುತ್ತೆ. ಎಲ್ಲಾ ವಿಷಯ ಬಾಲದಲ್ಲಿರುತ್ತೆ. ಬಾಲ ಬರೋವರೆಗೂ ಕಾದೆ ಅಷ್ಟೆ."

ಆವತ್ತು ಶುರುವಾದ ಸ್ನೇಹ. ತನ್ನ ಅಪ್ಪನ ಮೇಲೆ ಸಿನಿಮಾ ಮಾಡಲು ಹೊರಟಾಗ ಲೀಟಿಯಾ ಬೇರೆ ಎಡಿಟರನ್ನು ಹುಡುಕಲೇ ಇಲ್ಲ.

ಅಪ್ಪನ ಹೆಸರು ಜೋನಾಸಿ. ಎಪ್ಪತ್ತು ದಾಟಿದ ಬೇಟೆಗಾರ. ಚಳಿಗಾಲದಲ್ಲಿ ಅವರ ಊರ ಮುಂದಿನ ಸಮುದ್ರ ಮಂಜುಗಡ್ಡೆ ಕಟ್ಟುತ್ತದೆ. ಗಡ್ಡೆಯೇ ರಸ್ತೆ, ಗಡ್ಡೆಯೇ ಬೇಟೆಯ ಜಾಗ. ಯಾವ ಕಡೆ ಅದು ಮೊದಲು ಕಟ್ಟುತ್ತದೆ, ಎಲ್ಲಿ ಕೆಳಗಿನ ಸೆಳೆತ ಅದನ್ನು ತೆಳ್ಳಗೆ ಮಾಡುತ್ತದೆ, ಎಲ್ಲಿ ಕಣ್ಣು ಮುಚ್ಚಿಕೊಂಡು ದಾಟಬಹುದು, ಎಲ್ಲಕ್ಕೂ ಒಂದೊಂದು ಹೆಸರಿತ್ತು. ಮೂಗು, ಮೊಣಕಾಲು, ಬೆನ್ನು ಎಂದೆಲ್ಲ. ಊರಿನ ಹುಡುಗರಿಗೆ ಆ ಹೆಸರುಗಳು ಮರೆತುಹೋಗುತ್ತಿದ್ದವು. ಅವರಿಗೆ ಜಿಪಿಎಸ್ ಇತ್ತು, ಸ್ನೋಮೊಬೈಲ್ ಇತ್ತು, ಬೇಸಿಗೆಯಲ್ಲಿ ಗಣಿ ಕಂಪನಿಯ ಕೆಲಸವಿತ್ತು. ಅಪ್ಪ ಹೋಗುವ ಮೊದಲು ಹೆಸರುಗಳನ್ನೆಲ್ಲ ಅವನ ಬಾಯಲ್ಲೇ ಹೇಳಿಸಿ ಹಿಡಿದಿಡಬೇಕು ಎನ್ನುವುದು ಲೀಟಿಯಾಳ ಹಟ. ತಮ್ಮ ಮಾರ್ಕೂಸಿಗೆ ಕ್ಯಾಮೆರಾ ಕಲಿಸಿದಳು. ಅಪ್ಪ ಮುಂದೆ, ಮಗ ಕ್ಯಾಮೆರಾ ಹಿಡಿದು ಹಿಂದೆ, ಹೀಗೆ ಮೂರು ಚಳಿಗಾಲ ಚಿತ್ರೀಕರಣ ನಡೆಯಿತು.

ನವೆಂಬರ್ ಕೊನೆಯಲ್ಲಿ ಲೀಟಿಯಾ ಫೋನ್ ಮಾಡಿದಳು.

"ತನು, ನನ್ನ ತಮ್ಮ ಹೋದ."

ಮಾರ್ಕೂಸಿಯ ಹೆಂಡತಿ ಬಸುರಿ. ಅವಳಿಗೆ ಸೀಲ್ ಮಾಂಸ ತಿನ್ನುವ ಆಸೆಯಾಗಿತ್ತು. ಮಾರ್ಕೂಸಿ ಹೊರಟು ನಿಂತಾಗ ಅಪ್ಪನನ್ನು ಕೇಳಿದ್ದ, ಗದ್ದದ ಕಡೆಯಿಂದ ಹೋಗಲಾ ಎಂದು. ಊರಿನ ಉತ್ತರಕ್ಕೆ ಸಮುದ್ರಕ್ಕೆ ಚಾಚಿಕೊಂಡ ಬಂಡೆಗೆ ಅವರಲ್ಲಿ ಗದ್ದ ಎಂದೇ ಹೆಸರು. ಹೋಗು, ಅಲ್ಲಿ ಏನೂ ಆಗುವುದಿಲ್ಲ ಎಂದಿದ್ದರು ಜೋನಾಸಿ. ಆ ವರ್ಷ ಸಮುದ್ರ ತಡವಾಗಿ ಕಟ್ಟಿತ್ತು, ಕಟ್ಟಿದ ಮೇಲೆ ಬೇಗನೆ ದಪ್ಪ ಹಿಮ ಬಿದ್ದಿತ್ತು. ಕಂಬಳಿ ಹೊದಿಸಿದ ಹಾಗೆ ಆ ಹಿಮದ ಕೆಳಗೆ ಗಡ್ಡೆ ಬಲಿತೇ ಇರಲಿಲ್ಲ. ಊರಿನವರು ಹುಡುಕಿಕೊಂಡು ಹೋದಾಗ ನೀರಿನ ಅಂಚಿನಲ್ಲಿ ಜಾರುಬಂಡಿ ಸಿಕ್ಕಿತು. ಅವನು ಸಿಗಲಿಲ್ಲ.

ತನುಶ್ರೀ ಆಗ ಬೇಸ್‌ಮೆಂಟಿನಲ್ಲೇ ಇದ್ದಳು. ಫೋನ್ ಇಟ್ಟಮೇಲೆ ಕಂಪ್ಯೂಟರಿನಲ್ಲಿ ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಕೆಲಸ ತೆರೆದೇ ಇತ್ತು. ಅವಳು ಅದರಲ್ಲಿ ಮಾರ್ಕೂಸಿಯ ಉಸಿರನ್ನೇ ಅಳಿಸುತ್ತಿದ್ದಳು. ಹಾಗೇ ಎದ್ದು ಮೇಲೆ ಹೋದಳು. ನಾಲ್ಕು ತಿಂಗಳು ಆ ಕೆಲಸ ಮುಟ್ಟಲಿಲ್ಲ.

ಏಪ್ರಿಲಿನಲ್ಲಿ ಲೀಟಿಯಾ ಸಿನಿಮಾ ಮುಗಿಸಲು ಬರುತ್ತೇನೆಂದಳು. ಜೊತೆಗೆ ಅಪ್ಪನೂ ಬರುತ್ತಾರೆ ಎಂದಳು. "ಬರಬೇಡ ಅಂದೆ. ಕೇಳಲಿಲ್ಲ. ಸಿನಿಮಾ ಅಲ್ಲಿದೆಯಲ್ಲ, ನನ್ನ ಮಗನನ್ನ ನೋಡಬೇಕು ಅಂತಾರೆ."

ಪಿಯರ್ಸನ್ ವಿಮಾನ ನಿಲ್ದಾಣದಿಂದ ಅವರನ್ನು ಕರೆತಂದಳು ತನುಶ್ರೀ. ಜೋನಾಸಿ ಗಿಡ್ಡ, ಬಿಸಿಲಿಗೆ ಕಂದಿದ ಮುಖ, ಮಂಡಿನೋವಿನ ನಡಿಗೆ. ಕೈಯಲ್ಲಿ ನೀಲಿ ಬಣ್ಣದ ಐಸ್‌ಬಾಕ್ಸ್. ಮನೆ ಬಾಗಿಲಲ್ಲೇ ಅದನ್ನು ಎರಡೂ ಕೈಯಿಂದ ತನುಶ್ರೀಯ ಅತ್ತೆ ಜಯಲಕ್ಷ್ಮಿಯವರಿಗೆ ಕೊಟ್ಟರು. ಮಾವ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ಮಗ ಸುಧನ್ವನ ಜೊತೆಗಿರಲು ಬಂದಿದ್ದ ಜಯಲಕ್ಷ್ಮಿ, ಮೊಟ್ಟೆ ಹಾಕಿದ ಕೇಕನ್ನೂ ಮನೆಯೊಳಗೆ ಬಿಡದವರು.

"ಏನೇ ಇದೆ ಇದರಲ್ಲಿ?" ಎಂದು ಸೊಸೆಯನ್ನು ಪಕ್ಕಕ್ಕೆ ಕರೆದು ಕೇಳಿದರು.

"ಮೀನು, ಅತ್ತೆ. ಕ್ಯಾರಿಬೂ ಅಂತ ಅಲ್ಲಿನ ಜಿಂಕೆ ಮಾಂಸಾನೂ ಇರಬೇಕು. ಅವರೂರಿಂದ ನಮಗೇ ಅಂತ ತಂದಿದಾರೆ. ನಾನು ಸುಧನ್ವಂಗೆ ಹೇಳ್ತೀನಿ, ಅವರಿಗೆ ಹತ್ರದಲ್ಲೇ ಹೋಟೆಲ್ ಬುಕ್ ಮಾಡಿದ್ರೆ…"

ಜಯಲಕ್ಷ್ಮಿ ಸ್ವಲ್ಪ ಹೊತ್ತು ಐಸ್‌ಬಾಕ್ಸನ್ನೇ ನೋಡುತ್ತಾ ನಿಂತರು. "ಗರಾಜಿನ ಫ್ರೀಜರಲ್ಲಿ ಮಾವಿನಹಣ್ಣಿನ ಪಲ್ಪ್ ಇದೆಯಲ್ಲ, ಅದನ್ನ ಮೇಲಕ್ಕೆ ತಂದಿಡು. ಜಾಗ ಆಗುತ್ತೆ."

"ಅತ್ತೆ?"

"ಮಗನ್ನ ಕಳಕೊಂಡು ಬಂದಿದಾರೆ ಕಣೇ. ತಿನ್ನೋ ತುತ್ತಿಗೂ ಸಂಕೋಚ ಪಡೋ ಹಾಗೆ ಮಾಡಬೇಕಾ? ಬೇಸ್‌ಮೆಂಟಲ್ಲಿ ಅವರ ಪಾಡಿಗೆ ತಿನ್ನಲಿ. ನಾನು ಕೆಳಗೆ ಬರಲ್ಲ, ಅಷ್ಟೆ."

ಬೇಸ್‌ಮೆಂಟಿನ ನೆಲದ ಮೇಲೆ ರಟ್ಟು ಹಾಸಿಕೊಂಡು ತಂದೆ ಮಗಳು ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆದು ತಿಂದರು. ಜೋನಾಸಿ ಎರಡು ಚೂರು ತಿಂದು ಕತ್ತಿ ಕೆಳಗಿಟ್ಟರು. ಮಾರ್ಕೂಸಿ ಹೋದಾಗಿನಿಂದ ಇಷ್ಟೇ ಊಟ ಎಂದಳು ಲೀಟಿಯಾ.

ಮರುದಿನ ತನುಶ್ರೀ ಅಲ್ಲಿಯವರೆಗೆ ಜೋಡಿಸಿದ್ದ ಸಿನಿಮಾವನ್ನು ಅವರಿಗೆ ತೋರಿಸಿದಳು. ಪರದೆಯ ತುಂಬ ಜೋನಾಸಿಯೇ. ಸರಳು ಹಿಡಿದು ಗಡ್ಡೆಯನ್ನು ಕುಟ್ಟುವ ಜೋನಾಸಿ, ಸೀಲ್ ಉಸಿರಾಡಲು ಮಾಡಿಕೊಂಡ ತೂತಿನ ಪಕ್ಕ ಗಂಟೆಗಟ್ಟಲೆ ಅಲ್ಲಾಡದೆ ನಿಂತ ಜೋನಾಸಿ, ಕೈಚಾಚಿ ಒಂದೊಂದೇ ಜಾಗದ ಹೆಸರು ಹೇಳುವ ಜೋನಾಸಿ. ಗದ್ದದ ಮುಂದೆ ನಿಂತು ಹೇಳುತ್ತಾರೆ: ಇಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟುತ್ತದೆ, ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ನಮ್ಮಪ್ಪ ಇಲ್ಲಿ ಕತ್ತಲಲ್ಲೂ ದಾಟುತ್ತಿದ್ದ. ಇಲ್ಲಿ ಹೆದರಬೇಕಾಗಿಲ್ಲ.

ಆ ಮಾತು ಬಂದಾಗ ಲೀಟಿಯಾ ತಲೆ ತಗ್ಗಿಸಿದಳು. ಜೋನಾಸಿ ಕದಲಲಿಲ್ಲ. ಸಿನಿಮಾ ಮುಗಿದ ಮೇಲೆ ಮಗಳ ಕಡೆ ತಿರುಗಿ ಏನೋ ಕೇಳಿದರು. ಅವರು ಇನ್ನೊಮ್ಮೆ ಕೇಳಿದರು.

"ಏನಂತೆ?" ಎಂದಳು ತನುಶ್ರೀ.

"ಮಾರ್ಕೂಸಿ ಎಲ್ಲಿ ಅಂತ."

ಮೂರು ಚಳಿಗಾಲದ ಚಿತ್ರಗಳಲ್ಲಿ ಮಾರ್ಕೂಸಿ ಇರಲೇ ಇಲ್ಲ. ಅವನು ತೆಗೆಯುವವನಾಗಿದ್ದ. ಅವನು ಅಕಸ್ಮಾತ್ ಬಂದಿದ್ದ ಜಾಗಗಳನ್ನೂ ತನುಶ್ರೀಯೇ ಕತ್ತರಿಸಿ ಬಿಸಾಕಿದ್ದಳು. ಇಷ್ಟು ದೂರ ಮಗನನ್ನು ನೋಡಲೆಂದು ಬಂದ ಮುದುಕನಿಗೆ ಅವಳು ತೋರಿಸಿದ್ದು ಆ ಮುದುಕನದೇ ಮುಖವನ್ನು.

"ಸ್ವಲ್ಪ ದಿನ ಕೊಡಿ ನನಗೆ. ಹುಡುಕ್ತೀನಿ" ಎಂದಳು.

ಬೆಳಿಗ್ಗೆ ತನ್ನ ಮಗಳು ರಿಯಾಳನ್ನು ಸ್ಕೂಲಿಗೆ ಬಿಟ್ಟುಬಂದು ಕೂತರೆ ಅವಳು ವಾಪಸ್ ಬರುವ ತನಕ ತನುಶ್ರೀ ಏಳುತ್ತಿರಲಿಲ್ಲ. ಬಿಸಾಕಿದ್ದನ್ನೆಲ್ಲ ಮತ್ತೆ ತೆರೆದಳು. ಪ್ರತಿ ಶಾಟಿನ ಶುರು, ಪ್ರತಿ ಶಾಟಿನ ಕೊನೆ. ಲೆನ್ಸಿನ ಮೇಲೆ ಬಿದ್ದ ಹಿಮವನ್ನು ಒರೆಸುವ ಚರ್ಮದ ಕೈಗವಸು. ವಸಂತದ ಇಳಿಬಿಸಿಲಿನಲ್ಲಿ ಹಿಮದ ಮೇಲೆ ಉದ್ದಕ್ಕೆ ಬಿದ್ದ ನೆರಳು, ಹೆಗಲ ಮೇಲೆ ಕ್ಯಾಮೆರಾ. ಕೆಮ್ಮು. ಬಾಯೊಳಗೇ ಗುನುಗಿಕೊಂಡ ಯಾವುದೋ ರಾಗ. ಅಪ್ಪನ ಕಪ್ಪು ಕನ್ನಡಕದಲ್ಲಿ ಕಾಣುವ ಉಗುರಗಲದ ಮನುಷ್ಯ. ಬ್ಯಾಟರಿ ಮುಗಿದಾಗ ಬೈದುಕೊಂಡದ್ದು. ಎಲ್ಲವನ್ನೂ ಒಂದು ಕಡೆ ಕೂಡಿಸುತ್ತಾ ಹೋದಳು. ಮುಖ ಮಾತ್ರ ಸಿಗಲಿಲ್ಲ.

ಲೀಟಿಯಾ ಪಕ್ಕದಲ್ಲಿ ಬಂದು ಕೂರುತ್ತಿದ್ದಳು, ತಡೆಯಲಾಗದೆ ಎದ್ದು ಹೋಗುತ್ತಿದ್ದಳು. ಜೋನಾಸಿ ಮೇಲೆ ಅಡಿಗೆಮನೆಯ ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಜಯಲಕ್ಷ್ಮಿ ಕಾಫಿ ಬೇಕೇ ಎಂದು ಲೋಟ ತೋರಿಸಿದರೆ ಅವರು ಹುಬ್ಬು ಮೇಲೆತ್ತುತ್ತಿದ್ದರು. "ಇದೇನು, ಕಾಫಿ ಅಂದ್ರೆ ಇಷ್ಟು ಆಶ್ಚರ್ಯ ಇವರಿಗೆ?" ಎಂದು ಜಯಲಕ್ಷ್ಮಿ ಎರಡು ದಿನ ಲೋಟ ವಾಪಸ್ ತೆಗೆದುಕೊಂಡು ಹೋದರು. ಹುಬ್ಬೆತ್ತಿದರೆ ಹೂಂ ಎಂದರ್ಥ ಅಂತ ಲೀಟಿಯಾ ಹೇಳಿದ ಮೇಲೆ, "ಅಯ್ಯೋ ಪಾಪ, ಎರಡು ದಿನ ಕಾಯಿಸಿಬಿಟ್ನಲ್ಲ" ಎಂದು ನೊಂದುಕೊಂಡರು.

ವಾರ ಕಳೆದಿತ್ತು. ಅನುಪಯುಕ್ತ ಎಂದು ಹೆಸರು ಕೊಟ್ಟು ಎತ್ತಿಟ್ಟಿದ್ದ ಒಂದು ಶಾಟ್. ಕ್ಯಾಮೆರಾವನ್ನು ಹಿಮದ ಮೇಲಿಟ್ಟು ಮಾರ್ಕೂಸಿ ಅದನ್ನು ಆಫ್ ಮಾಡಲು ಮರೆತಿದ್ದಾನೆ. ಬರೀ ಬಿಳಿ ನೆಲ, ಒಂದು ಓರೆ ದಿಗಂತ, ದೂರದಲ್ಲಿ ಅಪ್ಪ. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಪಕ್ಕದಿಂದ ಒಬ್ಬ ಎತ್ತರದ ಹುಡುಗ ನಡೆದುಬರುತ್ತಾನೆ, ಬೆನ್ನು ಮಾತ್ರ ಕಾಣುತ್ತದೆ. ಅಪ್ಪನ ಹತ್ತಿರ ಹೋಗಿ ಅವರ ಟೋಪಿಯ ತುಪ್ಪಳ ಸರಿಮಾಡುತ್ತಾನೆ. ಕೈಗವಸು ಕಳಚಿ ಹೆಬ್ಬೆರಳಿನಿಂದ ಅವರ ಮೂಗಿನ ಕೆಳಗೆ ಒರೆಸುತ್ತಾನೆ. ಏನೋ ಅನ್ನುತ್ತಾನೆ. ಇಬ್ಬರೂ ನಗುತ್ತಾರೆ. ಅವನು ತಿರುಗುತ್ತಾನೆ. ನಗು ಇನ್ನೂ ಮುಖದ ಮೇಲಿರುವಾಗಲೇ ಕ್ಯಾಮೆರಾದ ಕಡೆ ಓಡಿಬರುತ್ತಾನೆ, ಬಗ್ಗುತ್ತಾನೆ, ಮುಖ ಪರದೆಯನ್ನೆಲ್ಲ ತುಂಬುತ್ತದೆ, ಕೈ ಅಡ್ಡ ಬಂದು ಕತ್ತಲು.

ತನುಶ್ರೀ ಮೇಲೆ ಹೋಗಿ ಅವರನ್ನು ಕರೆತಂದಳು.

ಜೋನಾಸಿ ಮಾನಿಟರಿನ ತೀರ ಹತ್ತಿರ ಕುರ್ಚಿ ಎಳೆದುಕೊಂಡರು. ಉಸಿರು, ನೆರಳು, ಕೆಮ್ಮು ಎಲ್ಲ ಬಂದವು. ಕೊನೆಗೆ ಆ ಶಾಟ್. ಮುಖ ಬಂದಾಗ ಅವರು ಬೆರಳೆತ್ತಿದರು. ತನುಶ್ರೀ ನಿಲ್ಲಿಸಿದಳು. ಮತ್ತೆ ಹಾಕು ಎಂದು ಕೈಸನ್ನೆ ಮಾಡಿದರು. ಹಾಕಿದಳು. ಮತ್ತೆ. ಎಷ್ಟು ಸಲ ಹಾಕಿದಳೋ. ಅವರು ಅಳಲಿಲ್ಲ. ಪರದೆಯ ಮೇಲೆ ಹುಡುಗ ಅಪ್ಪನ ಮೂಗೊರೆಸುವಾಗಲೆಲ್ಲ ಇಲ್ಲಿ ಕೂತವರು ಮೇಲ್ತುಟಿಯನ್ನು ಮುಟ್ಟಿಕೊಳ್ಳುತ್ತಿದ್ದರು.

"ಏನಂದ ಅವನು?" ಎಂದು ತನುಶ್ರೀ ಪಿಸುಮಾತಿನಲ್ಲಿ ಕೇಳಿದಳು.

ಲೀಟಿಯಾ ಕೆನ್ನೆ ಒರೆಸಿಕೊಂಡಳು. "ಅಪ್ಪ, ನಿನ್ನ ಮೂಗು ಸೋರ್ತಿದೆ. ಸಿನಿಮಾ ಸ್ಟಾರುಗಳ ಮೂಗು ಸೋರಲ್ಲ."

ಸಂಜೆ ಜೋನಾಸಿ ಮಗಳನ್ನು ಕೂರಿಸಿಕೊಂಡು ಮಾತಾಡಿದರು. ಮೊದಲು ಮೆಲ್ಲಗಿದ್ದ ಮಾತು ಆಮೇಲೆ ಜೋರಾಯಿತು. ಜೋರಾದದ್ದು ಲೀಟಿಯಾಳದು. ತನುಶ್ರೀ ಏಳಹೋದಾಗ ಅವಳೇ ತಡೆದಳು.

"ಕೂತ್ಕೋ. ನಿನಗೂ ಗೊತ್ತಾಗಬೇಕು. ಹೆಸರುಗಳನ್ನೆಲ್ಲ ಸಿನಿಮಾದಿಂದ ತೆಗೀಬೇಕಂತೆ. ಗದ್ದ ಒಂದೇ ಅಲ್ಲ, ಎಲ್ಲಾನೂ."

"ಯಾಕೆ?"

"ಹುಡುಗರು ನಂಬ್ತಾರೆ ಅಂತ. ಹೋದ ವರ್ಷ ನಾನು ಗದ್ದದ ಸೀನನ್ನ ಫೇಸ್‌ಬುಕ್ಕಿಗೆ ಹಾಕಿದ್ದೆ. ಊರಿನ ಹುಡುಗರೆಲ್ಲ ಫೋನಲ್ಲಿ ಇಟ್ಕೊಂಡಿದಾರೆ, ಜಿಪಿಎಸ್‌ನಲ್ಲಿ ಗುರುತು ಮಾಡ್ಕೊಂಡಿದಾರೆ. ಜೋನಾಸಿ ಹೇಳಿದಾರೆ ಅಂದ್ರೆ ಮುಗೀತು, ಯಾರೂ ಗಡ್ಡೆ ಕುಟ್ಟಿ ನೋಡಲ್ಲ." ಅಪ್ಪನ ಕಡೆ ತಿರುಗಿದಳು, ಸಿಟ್ಟಿಗೆ ಇಂಗ್ಲಿಷಿನಲ್ಲೇ ಹೇಳಿದಳು. "ಇದಕ್ಕೇ ಅಲ್ವಾ ನಾವು ಸಿನಿಮಾ ಮಾಡಿದ್ದು? ನಿನ್ನ ಅಪ್ಪ, ಅವರ ಅಪ್ಪ ಕೊಟ್ಟಿದ್ದು ಇದು. ಮಾರ್ಕೂಸಿ ಮೂರು ಚಳಿಗಾಲ ಹೆಗಲ ಮೇಲೆ ಹೊತ್ತಿದ್ದು ಇದನ್ನೇ. ಅದನ್ನ ತೆಗೆದ್ರೆ ಇನ್ನೇನು ಉಳಿಯುತ್ತೆ, ಅತಾತಾ, ಅಪ್ಪಾ?"

ಜೋನಾಸಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಅವರು ತಮ್ಮ ಭಾಷೆಯಲ್ಲೇ ಒಂದು ಮಾತು ಹೇಳಿ ಎದ್ದು ಹೋದರು.

"ಸಮುದ್ರ ತನ್ನ ಹೆಸರುಗಳನ್ನ ಮರೆತಿದೆ ಅಂತೆ" ಎಂದಳು ಲೀಟಿಯಾ. "ಅದು ಮರೆತ ಮೇಲೆ ನಾವು ನೆನಪಿಟ್ಕೊಂಡ್ರೆ ಸಾಯ್ತೀವಂತೆ."

ಎರಡು ದಿನ ತಂದೆ ಮಗಳು ಮಾತಾಡಲಿಲ್ಲ. ತನುಶ್ರೀ ಒಬ್ಬಳೇ ಮಾನಿಟರಿನ ಮುಂದೆ ಕೂತು ಜಾಗದ ಹೆಸರುಗಳಿಲ್ಲದ ಸಿನಿಮಾ ಹೇಗಿರುತ್ತದೆಂದು ಕತ್ತರಿಸಿ ನೋಡಿದಳು. ಒಬ್ಬ ಮುದುಕ ಬಿಳಿ ಬಯಲಿನಲ್ಲಿ ಸುಮ್ಮನೆ ನಡೆಯುತ್ತಾನೆ. ಎಲ್ಲಿಗೆ, ಯಾಕೆ, ಏನೂ ತಿಳಿಯದು.

ಮೂರನೆಯ ಬೆಳಿಗ್ಗೆ ಊರಿನಿಂದ ವಿಡಿಯೋ ಕಾಲ್ ಬಂತು. ಮಾರ್ಕೂಸಿಯ ಹೆಂಡತಿಗೆ ಹೆಣ್ಣುಮಗು. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು. ಕಂಬಳಿಯೊಳಗೆ ಕೆಂಪಗಿನ ಸಣ್ಣ ಮುಖ. ಅದಕ್ಕೆ ಮಾರ್ಕೂಸಿ ಎಂದೇ ಹೆಸರಿಟ್ಟಿದ್ದಾರೆಂದು ಲೀಟಿಯಾ ಹೇಳಿದಳು. ಅವರಲ್ಲಿ ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹೋದವರ ಹೆಸರು ಯಾವ ಮಗುವಿಗೆ ಬರುತ್ತದೋ, ಆ ಮಗುವಿನೊಳಗೆ ಅವರೂ ಒಂದಿಷ್ಟು ಬರುತ್ತಾರೆ, ಸಂಬಂಧವೂ ಹಾಗೆಯೇ ಬರುತ್ತದೆ. ಜೋನಾಸಿ ಫೋನನ್ನು ಮುಖದ ಹತ್ತಿರ ಹಿಡಿದು ಒಂದು ಪದ ಹೇಳಿದರು. ಮತ್ತೆ ಅದನ್ನೇ ಹೇಳಿದರು.

"ಮಗನೇ ಅಂತಿದಾರೆ" ಎಂದಳು ಲೀಟಿಯಾ.

ಆಗ ಅವರು ಅತ್ತರು. ಹೆಗಲು ಕುಲುಕುತ್ತಿತ್ತು, ಸದ್ದಿರಲಿಲ್ಲ. ಜಯಲಕ್ಷ್ಮಿ ಮೆಟ್ಟಿಲ ಮೇಲೆ ನಿಂತಿದ್ದವರು ಹಾಗೇ ಇಳಿದು ಬೇಸ್‌ಮೆಂಟಿಗೆ ಬಂದರು, ನೆಲದ ಮೇಲೆ ಹಾಸಿದ್ದ ರಟ್ಟನ್ನು ದಾಟಿ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರಿಗೂ ಮಾತಾಡಲು ಒಂದು ಭಾಷೆ ಇರಲಿಲ್ಲ.

ಮಧ್ಯಾಹ್ನ ಜೋನಾಸಿ ಮಗಳನ್ನು ಕರೆದರು. ಈ ಮಗು ದೊಡ್ಡದಾಗಿ ಸಿನಿಮಾ ನೋಡುತ್ತದೆ. ಹೆಸರುಗಳು ಅದಕ್ಕೆ ಗೊತ್ತಿರಲಿ. ಆದರೆ ನಂಬಿಕೊಂಡು ಹೊರಡಬಾರದು. ಇನ್ನೊಂದು ಸಲ ಹೇಳುತ್ತೇನೆ, ಬರೆಸಿಕೊಳ್ಳಿ ಎಂದರು.

ತನುಶ್ರೀ ತನ್ನ ಬಟ್ಟೆಯ ಕೋಣೆಯನ್ನು ಅಣಿಮಾಡಿದಳು. ಸೀರೆಗಳೂ ಚಳಿಗಾಲದ ಜಾಕೆಟ್ಟುಗಳೂ ಒತ್ತೊತ್ತಾಗಿ ತೂಗುತ್ತಿದ್ದ ಆ ಜಾಗದಲ್ಲಿ ಹೊರಗಿನ ಸದ್ದು ಬರುತ್ತಿರಲಿಲ್ಲ. ಸೀರೆಗಳ ನಡುವೆ ಮಣೆಯ ಮೇಲೆ ಜೋನಾಸಿ ಕೂತರು. ತನುಶ್ರೀ ಮೈಕ್ ಹಿಡಿದಳು. ಲೀಟಿಯಾ ಬಾಗಿಲಿಗೆ ಒರಗಿ ನಿಂತಳು.

ಅವರು ಒಂದೊಂದೇ ಹೆಸರು ಹೇಳುತ್ತಾ ಹೋದರು. ಮೂರು ವರ್ಷದಿಂದ ಕೇಳಿ ಕೇಳಿ ಆ ವಾಕ್ಯಗಳ ಏರಿಳಿತ ತನುಶ್ರೀಗೆ ಬಾಯಿಪಾಠವಾಗಿತ್ತು. ಹೆಸರುಗಳು ಅವೇ, ಮಾತೂ ಅದೇ. ಬಾಲ ಮಾತ್ರ ಬೇರೆ. ಪ್ರತಿ ವಾಕ್ಯದ ಕೊನೆಯಲ್ಲಿ ಅವಳು ಹಿಂದೆಂದೂ ಕೇಳಿರದ ಒಂದು ತುಣುಕು ಬಂದು ಕೂರುತ್ತಿತ್ತು. ಅರ್ಥ ಕೇಳುವ ಅಗತ್ಯ ಬೀಳಲಿಲ್ಲ. ಕಟ್ಟುತ್ತಿತ್ತು. ದಾಟುತ್ತಿದ್ದೆವು. ಇತ್ತು. ಇತ್ತು.

ಗದ್ದದ ಸರದಿ ಬಂದಾಗ ಅವರು ನಿಲ್ಲಿಸಿದರು. ಮೈಕ್ ಹಿಡಿದ ಕೈ ಸೋತುಬಂದರೂ ತನುಶ್ರೀ ಇಳಿಸಲಿಲ್ಲ. ಕಡೆಗೆ ನಿಧಾನವಾಗಿ ಮಾತಾಡಿದರು. ಅದರ ಅರ್ಥವನ್ನು ಲೀಟಿಯಾ ತಕ್ಷಣ ಹೇಳಲಿಲ್ಲ. ಸಬ್‌ಟೈಟಲ್ ಬರೆಯುವ ದಿನ ಟೈಪ್ ಮಾಡಿ ತೋರಿಸಿದಳು.

"ನನ್ನ ಮಾತು ನಂಬಿ ನನ್ನ ಮಗ ಹೋದ. ಈಗ ನನಗೆ ಗೊತ್ತಿಲ್ಲ. ನನ್ನನ್ನು ಕೇಳಬೇಡಿ."

ಅವರು ಊರಿಗೆ ಮರಳಿದ ಮೇಲೆ ಬೇಸಿಗೆಯೆಲ್ಲ ತನುಶ್ರೀ ಸಿನಿಮಾ ಮುಗಿಸಿದಳು. ಪರದೆಯ ಮೇಲೆ ಹಳೆಯ ಜೋನಾಸಿ ಕೈಚಾಚಿ ಇದೆ ಎನ್ನುತ್ತಾರೆ, ಅದರ ಮೇಲೆ ಹೊಸ ದನಿ ಬಂದು ಇತ್ತು ಎನ್ನುತ್ತದೆ. ಮಾರ್ಕೂಸಿಯ ಉಸಿರನ್ನು ಅವಳು ಎಲ್ಲೂ ತೆಗೆಯಲಿಲ್ಲ, ತೆಗೆದಿದ್ದನ್ನೂ ವಾಪಸ್ ಹಾಕಿದಳು. ಮೂಗೊರೆಸುವ ಶಾಟ್ ಇಟ್ಟುಕೊಳ್ಳಲು ಜೋನಾಸಿ ಒಪ್ಪಲಿಲ್ಲ. ಅದು ನನಗೆ ಮಾತ್ರ ಎಂದರು. ಅದನ್ನು ಒಂದು ಫೋನಿಗೆ ಹಾಕಿ ಕಳಿಸಿದಳು.

ಸೆಪ್ಟೆಂಬರಿನಲ್ಲಿ ಡೌನ್‌ಟೌನಿನಲ್ಲಿ ಪ್ರದರ್ಶನವಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಲೀಟಿಯಾ ಕೈಕಟ್ಟಿಕೊಂಡು ನಿಂತಿದ್ದಳು, ಚಪ್ಪಾಳೆ ಯಾವಾಗ ನಿಲ್ಲುತ್ತದೋ ಎಂದು ಕಾಯುವವಳಂತೆ.

ಡಿಸೆಂಬರಿನಲ್ಲಿ ಅವಳ ಫೋನ್ ಬಂತು. ಸಮುದ್ರ ಇನ್ನೂ ಕಟ್ಟಿಲ್ಲ ಎಂದಳು.

"ಅಪ್ಪ ಹೇಗಿದಾರೆ?"

"ಇದಾರೆ. ಗಡ್ಡೆ ಕುಟ್ಟೋ ಸರಳನ್ನ ಸ್ಕೂಲಿಗೆ ಕೊಟ್ಟುಬಿಟ್ರು. ಟೀಚರ್ ಗೋಡೆಗೆ ನೇತುಹಾಕಿದಾರೆ. ದಿನಾ ಮಗು ಎತ್ಕೊಂಡು ಕಿಟಕಿ ಹತ್ರ ಕೂರ್ತಾರೆ. ಮೊದಲಾದ್ರೆ ನಮಗೆಲ್ಲ ಬೆರಳು ಮಾಡಿ ತೋರಿಸಿ ಹೇಳ್ತಿದ್ರು, ಅದು ಮೂಗು, ಅದು ಮೊಣಕಾಲು ಅಂತ. ಈಗ ಏನೂ ಹೇಳಲ್ಲ." ಸ್ವಲ್ಪ ತಡೆದು ಸೇರಿಸಿದಳು, "ನೀನು ಬರ್ತೀನಿ ಅಂತಿದ್ಯಲ್ಲ, ಬೇಸಿಗೇಲಿ ಬಾ. ದೋಣೀಲಿ ಹೋಗೋಣ."

ತನುಶ್ರೀ ಮೇಲೆ ಬಂದಾಗ ಜಯಲಕ್ಷ್ಮಿ ಊಟದ ಮೇಜಿನ ಮೇಲೆ ಅವರೆಕಾಳು ಹಿದುಕುತ್ತಾ ಕೂತಿದ್ದರು. ಹೊರಗೆ ಹಿಮದ ಬದಲು ಮಳೆ.

"ಯಾರೇ, ಲೀಟಿಯಾನಾ? ಆ ಯಜಮಾನರು ಹೇಗಿದಾರಂತೆ?"

"ಹೊರಗೆ ಹೋಗೋದೇ ಬಿಟ್ಟಿದಾರಂತೆ ಅತ್ತೆ. ಮನೇಲೇ ಕೂತಿರ್ತಾರಂತೆ."

ಜಯಲಕ್ಷ್ಮಿಯವರ ಕೈ ನಿಂತಿತು.

"ಅಂಥೋರು ಮನೇಲಿ ಕೂತರೆ ಬಹಳ ದಿನ ತಡೆಯಲ್ಲ ಕಣೇ" ಎಂದರು.

ತನುಶ್ರೀ ಎದುರಿಗೆ ಕೂತು ತಾನೂ ಒಂದು ಹಿಡಿ ಕಾಳನ್ನು ಮುಂದಕ್ಕೆಳೆದುಕೊಂಡಳು.